ನೀವು ಯಾರ ಪೈಕಿ?

ಗೋಕಾಕ ಬಸ್ ಸ್ಟ್ಯಾಂಡಿನಿಂದ ನಮ್ಮ ಮಸಗುಪ್ಪಿ ಕಡೆ ಹೊರಡುವ ಸಂಜೆ ಬಸ್ಸಿನಲ್ಲಿ ಒಂದೇ ಟಿಕೀಟಿಗೆ ಎರಡು ಆಟ. ಒಂದು, ಊರು ಮುಟ್ಟುವುದು. ಇನ್ನೊಂದು, ಮುಟ್ಟುವ ತನಕ ಸರ್ಕಾರ ಉರುಳಿಸುವುದು. ಮೊನ್ನೆ ನಾನು ಹತ್ತಿದಾಗ ಡ್ರೈವರ್ ಇನ್ನೂ ಚಾ ಕುಡಿಯುತ್ತಿದ್ದ, ಆದರೆ ಎರಡನೇ ಆಟ ಆಗಲೇ ಶುರುವಾಗಿತ್ತು. ಸೀಟು ತುಂಬ ಹೆಣ್ಣುಮಕ್ಕಳು, ಸಂತೆ ಚೀಲ, ಕೂಸುಗಳು. ಕಂಬಿ ಹಿಡಿದು ನಿಂತಿದ್ದ ಬಿಳಿ ಟೊಪಗಿಯ ಹಿರಿಯರೊಬ್ಬರು ಬಸ್ಸಿನ ತಗಡಿಗೆ ಹೇಳುವವರ ಹಾಗೆ ಮೇಲೆ ನೋಡಿ ಅಂದರು:

"ರೊಕ್ಕಾ ಕೊಟ್ಟಾವ ನಿಂತಾನ, ಪುಕ್ಕಟ ಬಂದಾಕಿ ಕುಂತಾಳ. ಏನ್ ರಾಜ್ಯಪಾ ಇದು!"

ಕಿಟಕಿ ಪಕ್ಕ ಕೆಂಪು ರುಮಾಲಿನ ಇನ್ನೊಬ್ಬರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹೆಬ್ಬೆರಳು ಅಲ್ಲೇ ನಿಂತಿತು.

"ಯಾಕ್ರೀ ಮಾವಾ, ನಿಮ್ಮನ್ಯಾಗಿನವ್ರು ಬಸ್ಸು ಹತ್ತೂದಿಲ್ಲೇನು?"

"ಹತ್ತತಾರ. ಹತ್ತಿ ಧರ್ಮಸ್ಥಳದ ತನಕ ಹೋಗಿ ಬಂದಾರ. ನಾಕು ದಿನ ನಾನ ರೊಟ್ಟಿ ಬಡದೇನಿ."

"ಹಂಗಾರ ಹೊಟ್ಟಿಯುರಿ ಸರ್ಕಾರದ ಮ್ಯಾಲಲ್ಲ, ರೊಟ್ಟಿ ಮ್ಯಾಲ."

ಇಬ್ಬರೂ ಒಬ್ಬರ ಮುಖ ಒಬ್ಬರು ಈ ಮೊದಲು ಕಂಡವರಲ್ಲ. ಯಾವೂರು ಅಂತ ಕೇಳಲಿಲ್ಲ, ಮಳೆ-ಬೆಳೆ ಕೇಳಲಿಲ್ಲ. ನಮ್ಮ ಭಾಗದಲ್ಲಿ ಹೊಸಬರು ಭೇಟಿಯಾದರೆ ಮೊದಲು ಕೇಳುತ್ತಿದ್ದದ್ದು "ಯಾವೂರಾತ್ರೀ?" ಅಂತ. ಆ ಪ್ರಶ್ನೆ ಸತ್ತು ಬಹಳ ದಿನವಾಯಿತು. ಈಗ ಕೇಳುವುದು ಒಂದೇ, ಟೊಪಗಿಯವರು ಕೇಳಿಯೂ ಬಿಟ್ಟರು: "ನೀವು ಯಾರ ಪೈಕಿ?"

ಬೇರೆ ಜಿಲ್ಲೆಯಲ್ಲಾದರೆ ಈ ಪ್ರಶ್ನೆಗೆ ಒಂದು ಚಿಹ್ನೆಯ ಹೆಸರು ಹೇಳಿ ಪಾರಾಗಬಹುದು. ಇಲ್ಲಿ ಆಗುವುದಿಲ್ಲ. "ಸಾಹುಕಾರ್ರ ಪೈಕಿ" ಅಂದರೆ ಯಾವ ಸಾಹುಕಾರ್ರು? ಗೋಕಾಕದ ರಮೇಶ ಜಾರಕಿಹೊಳಿ ಬಿಜೆಪಿ. ಯಮಕನಮರಡಿಯ ಸತೀಶ ಜಾರಕಿಹೊಳಿ ಕಾಂಗ್ರೆಸ್, ಅದೂ ಮಂತ್ರಿ. ನಮ್ಮ ಅರಬಾವಿಯ ಬಾಲಚಂದ್ರ ಜಾರಕಿಹೊಳಿ ಮೊದಲು ಜೆಡಿಎಸ್, ಆಮೇಲೆ ಬಿಜೆಪಿ. ವಿಧಾನ ಪರಿಷತ್ತಿಗೆ ಹೋದ ಲಖನ್ ಜಾರಕಿಹೊಳಿ ಪಕ್ಷೇತರ. ಒಂದೇ ತಾಯಿಯ ಮಕ್ಕಳು, ಒಂದೇ ಊರು. ಉಳಿದ ಕರ್ನಾಟಕಕ್ಕೆ ಸರ್ವಪಕ್ಷ ಸಭೆ ಕರೆಯಲು ವಿಧಾನಸೌಧ ಬೇಕು. ಗೋಕಾಕದಲ್ಲಿ ಒಂದು ಊಟದ ಪಂಕ್ತಿ ಸಾಕು.

ಇಂಥ ನಾಡಿನಲ್ಲಿ ಪಕ್ಷ ಹಿಡಿದು ಜಗಳಾಡುವುದು ಸಾಧ್ಯವೇ ಇಲ್ಲ ಅಂತ ನೀವು ತಿಳಿದರೆ, ನಮ್ಮ ಜನರ ಕಸುವು ನಿಮಗೆ ಗೊತ್ತಿಲ್ಲ ಅಂತಲೇ ಅರ್ಥ. 1999ರಿಂದ ರಮೇಶ ಜಾರಕಿಹೊಳಿ ಸತತ ಐದು ಸಲ ಕೈ ಚಿಹ್ನೆಯಿಂದ ಗೆದ್ದರು. ಇಪ್ಪತ್ತು ವರ್ಷ ಒಬ್ಬ ಮನುಷ್ಯ ಕಟ್ಟೆಯ ಮೇಲೆ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಕೈ ಚಿಹ್ನೆಯ ಪರವಾಗಿ ಗಂಟಲು ಹರಿದುಕೊಂಡ ಅಂತಿಟ್ಟುಕೊಳ್ಳಿ. 2019ರಲ್ಲಿ ಸಾಹುಕಾರ್ರು ರಾಜೀನಾಮೆ ಕೊಟ್ಟು ಕಮಲ ಹಿಡಿದರು. ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಎದುರಿಗೆ ಕಾಂಗ್ರೆಸ್ಸಿನಿಂದ ನಿಂತವರು ಸ್ವಂತ ತಮ್ಮ ಲಖನ್. ಈಗ ಆ ಕಟ್ಟೆಯ ಮನುಷ್ಯ ಏನು ಮಾಡಬೇಕು? ನಮ್ಮ ಅಜ್ಜಿ ಕೌದಿ ಮೈಲಿಗೆಯಾಗಿ ಕಂಡರೆ ಒಗೆಯುತ್ತಿರಲಿಲ್ಲ, ಮಗುಚಿ ಹಾಸುತ್ತಿದ್ದಳು. ಇವನೂ ಅದನ್ನೇ ಮಾಡಿದ. ಬೈಗುಳ ಅವೇ, ಆಣೆ-ಪ್ರಮಾಣ ಅವೇ, ದನಿಯೂ ಅದೇ. ಹೊಲಿಗೆ ಮಾತ್ರ ಒಳಗೆ ಹೋಯಿತು. ಒಂದು ರಾತ್ರಿಯ ಕೆಲಸ. ಮರುದಿನ ಬೆಳಿಗ್ಗೆ ಹಳೆಯ ಮಿತ್ರನನ್ನೇ ಹಿಡಿದು "ನಿಮ್ಮ ಕಾಂಗ್ರೆಸ್ಸಿನವ್ರು" ಅಂತ ಶುರು ಮಾಡಿದ. ನಾಚಿಕೆಯೇನೂ ಆಗಲಿಲ್ಲ. ಎದುರಿನವನದೂ ಕೌದಿಯೇ ಆಗಿತ್ತು.

ಇದು ಗೋಕಾಕದ್ದಷ್ಟೇ ಪುಣ್ಯವಲ್ಲ. ಪಕ್ಕದ ಹುಕ್ಕೇರಿಯ ಉಮೇಶ ಕತ್ತಿಯವರು ಎಂಟು ಸಲ ಶಾಸಕರಾದರು. ಜನತಾ ಪಕ್ಷ, ಜನತಾದಳ, ಜೆಡಿಯು, ಜೆಡಿಎಸ್, ಬಿಜೆಪಿ ಎಲ್ಲವೂ ಬಂದು ಹೋದವು. ನಡುವೆ 2004ರಲ್ಲಿ ಕಾಂಗ್ರೆಸ್ಸಿಗೆ ಹೋಗಿ ನಿಂತಾಗ ಮಾತ್ರ ಸೋತರು. 2008ರಲ್ಲಿ ಆಪರೇಷನ್ ಕಮಲ ಎಂಬ ಹೊಸ ಶಸ್ತ್ರಚಿಕಿತ್ಸೆ ಬಂದಾಗ ಒಂದೇ ದಿನ ನಡೆದ ಎಂಟು ಉಪಚುನಾವಣೆಗಳಲ್ಲಿ ಎರಡು ನಮ್ಮವೇ: ಹುಕ್ಕೇರಿ ಮತ್ತು ಅರಬಾವಿ. ಮೇನಲ್ಲಿ ಜೆಡಿಎಸ್ ಅಂತ ಒತ್ತಿದ ಬೆರಳು ಡಿಸೆಂಬರಿನಲ್ಲಿ ಕಮಲ ಅಂತ ಒತ್ತಿತು. ಬೆರಳಿಗೇನು, ಮಸಿ ಹಚ್ಚಿಸಿಕೊಂಡು ರೂಢಿ. ಬಾಯಿಗೆ ಸ್ವಲ್ಪ ತ್ರಾಸಾಯಿತು.

ನಮ್ಮ ಬೆಳಗಾವಿ ಲೋಕಸಭೆಗೆ 2024ರಲ್ಲಿ ಬಂದ ಜಗದೀಶ ಶೆಟ್ಟರ್ ಅವರದಂತೂ ವಾದ ಮಾಡುವವರಿಗೆ ಪರೀಕ್ಷೆಯೇ ಆಯಿತು. 2023ರಲ್ಲಿ ಅವರು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಅಭ್ಯರ್ಥಿ. ವರ್ಷ ತುಂಬುವುದರೊಳಗೆ ಮತ್ತೆ ಬಿಜೆಪಿ, ಆಮೇಲೆ ನಮ್ಮ ಸಂಸದರು. ನಮ್ಮೂರ ಹುಡುಗನೊಬ್ಬ ಮೇ ತಿಂಗಳಲ್ಲಿ ಮೊಬೈಲಿನಲ್ಲಿ ಅವರನ್ನು ಹೀಯಾಳಿಸಿ ಹಂಚಿದ್ದನ್ನೇ ಜನವರಿಯಲ್ಲಿ ಅಳಿಸುತ್ತ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಲದಲ್ಲಿ ಕಸ ಕೀಳುವಷ್ಟೇ ಏಕಾಗ್ರತೆ.

ಬಸ್ಸು ಬಿಟ್ಟಿತು. ಟೊಪಗಿ ಮತ್ತು ರುಮಾಲು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆಯಿಂದ ಹೊರಟು ನೋಟ್ ಬಂದಿಗೆ ಬಂದರು, ಅಲ್ಲಿಂದ ತುರ್ತು ಪರಿಸ್ಥಿತಿಗೆ, ಅಲ್ಲಿಂದ ಗ್ಯಾಸ್ ಸಿಲಿಂಡರಿಗೆ. ಒಬ್ಬರು ಕೇಳಿದ ಪ್ರಶ್ನೆಗೂ ಇನ್ನೊಬ್ಬರು ಉತ್ತರ ಕೊಡಲಿಲ್ಲ. ಕೊಡುವ ಪದ್ಧತಿಯೇ ಇಲ್ಲ. "ರಸ್ತಾ ಯಾಕ ಹಿಂಗೈತಿ?" ಅಂದರೆ "ನಿಮ್ಮವ್ರು ಇದ್ದಾಗ ರಸ್ತಾ ಎಲ್ಲಿತ್ತ್ರೀ?" "ರೇಟ್ ಯಾಕ ಏರೈತಿ?" ಅಂದರೆ "ಅವಾಗ ಎಲ್ಲಿ ಹೋಗಿದ್ರಿ?" ಈ "ಅವಾಗ ಎಲ್ಲಿ ಹೋಗಿದ್ರಿ" ಎಂಬುದು ನಮ್ಮ ಕಾಲದ ರಾಮಬಾಣ. ಎಲ್ಲದಕ್ಕೂ ನಡೆಯುತ್ತದೆ. ಎಲ್ಲಿ ಹೋಗಿದ್ದೆವು? ಇಲ್ಲೇ ಇದ್ದೆವು, ಇದೇ ಬಸ್ಸಿನಲ್ಲಿ, ನಿಂತು.

ನಮ್ಮ ಸೀಮೆಗೆ ವಾದ ಹೊಸದಲ್ಲ. ಜಾತ್ರೆಗೆ ಹರದೇಶಿ-ನಾಗೇಶಿ ಹಾಡಿಸುವುದು ಇಲ್ಲಿನ ಹಳೆಯ ಚಾಳಿ. ಒಂದು ಮೇಳ ಶಿವ ಹೆಚ್ಚು, ಗಂಡು ಹೆಚ್ಚು ಅನ್ನಬೇಕು. ಇನ್ನೊಂದು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಅನ್ನಬೇಕು. ದಪ್ಪು, ತುಂತುಣಿ, ತಾಳ. ರಾತ್ರಿಯಿಡೀ ಸವಾಲು, ರಾತ್ರಿಯಿಡೀ ಜವಾಬು. ಬೈಗುಳಕ್ಕೆ ಬರವಿಲ್ಲ; ಇವತ್ತಿನವರು ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಆದರೆ ಒಂದು ಕಟ್ಟಳೆ ಇತ್ತು: ಎದುರಿನವರು ಪುರಾಣದಿಂದ ಒಂದು ಸವಾಲು ಹಾಕಿದರೆ ಮೊದಲು ಅದನ್ನು ಒಡೆಯಬೇಕು, ಆಮೇಲೆ ನಿನ್ನ ಸವಾಲು. ಒಡೆಯಲು ಬರದೆ ಬೇರೆ ಪದ ಎತ್ತಿಕೊಂಡರೆ ಕುಂತ ಜನವೇ "ಜವಾಬು ಕೊಡ್ರೋ" ಅಂತ ಕೂಗುತ್ತಿತ್ತು. ಸೋತ ಹಾಡುಗಾರ ಮನೆಗೆ ಹೋಗಿ ಪುರಾಣ ಓದುತ್ತಿದ್ದ, ಮುಂದಿನ ಜಾತ್ರೆಗೆ ಬೇಕಲ್ಲ.

ಮೊನ್ನೆಯ ಬಸ್ಸಿನಲ್ಲೂ ವಿಷಯ ಶಕ್ತಿಯೇ, 2023ರ ಜೂನಿನಲ್ಲಿ ಶುರುವಾದ ಶಕ್ತಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದೇ ಪ್ರಶ್ನೆ. ದಪ್ಪಿನ ಬದಲು ಕಿಟಕಿಯ ಸಡಿಲ ಗಾಜು ಬಡಿಯುತ್ತಿತ್ತು. ಜವಾಬು ಕೊಡ್ರೋ ಅನ್ನುವವರು ಮಾತ್ರ ಯಾರೂ ಇರಲಿಲ್ಲ. ಸೀಟಿನಲ್ಲಿದ್ದ ಹೆಣ್ಣುಮಕ್ಕಳನ್ನು ಯಾರೂ ಏನೂ ಕೇಳಲಿಲ್ಲ. ಒಬ್ಬಾಕೆ ಟೊಪಗಿಯವರ ಚೀಲ ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು, ಅಷ್ಟೇ. ಪುಕ್ಕಟೆ ಬಂದಾಕಿಯ ತೊಡೆಯ ಮೇಲೆ ಚೀಲವಿಟ್ಟು ಮಾವ ಪುಕ್ಕಟೆಯ ವಿರುದ್ಧ ಕೈ ಬೀಸುತ್ತಿದ್ದರು. ಎರಡೂ ಕೈ ಬೇಕಾಗಿದ್ದವು ನೋಡಿ.

ಪೈಕಿ ಹಿಡಿದು ಹೊಡೆದಾಡುವವರಿಗೆ 2025ರ ಸಹಕಾರ ಚುನಾವಣೆಗಳು ಬಹಳ ಕಾಟ ಕೊಟ್ಟವು. ಹುಕ್ಕೇರಿಯಲ್ಲಿ 1969ರಿಂದ ಒಂದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ, ತಾನೇ ಕರೆಂಟು ಹಂಚುವ ಸಂಘ. 2025ರ ಸೆಪ್ಟೆಂಬರಿನಲ್ಲಿ ಅದರ ಚುನಾವಣೆ. ಒಂದು ಪೆನಲ್‌ಗೆ ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ, ಬಿಜೆಪಿಯ ಬಾಲಚಂದ್ರ ಜಾರಕಿಹೊಳಿ, ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ ಬೆಂಬಲ. ಎದುರಿಗೆ ಬಿಜೆಪಿಯಿಂದ ಸಂಸದರಾಗಿದ್ದ ರಮೇಶ ಕತ್ತಿ, ಕಾಂಗ್ರೆಸ್ಸಿನಿಂದ ಮಂತ್ರಿಯಾಗಿದ್ದ ಎ.ಬಿ. ಪಾಟೀಲ. ಗೆದ್ದದ್ದು ಕತ್ತಿ-ಪಾಟೀಲರ ಕಡೆ. ಗೆದ್ದ ಪಕ್ಷ ಯಾವುದು ಅಂತ ಚಾದಂಗಡಿಯಲ್ಲಿ ಎರಡು ದಿನ ಲೆಕ್ಕ ಹಾಕಿದರು, ತಾಳೆಯಾಗಲಿಲ್ಲ. ನವೆಂಬರಿನಲ್ಲಿ ಬೆಳಗಾವಿ ಡಿಸಿಸಿ ಬ್ಯಾಂಕಿಗೆ ಬಿಜೆಪಿಯ ಜೊಲ್ಲೆ ಅಧ್ಯಕ್ಷರು, ಕಾಂಗ್ರೆಸ್ ಶಾಸಕ ರಾಜು ಕಾಗೆ ಉಪಾಧ್ಯಕ್ಷರು. ಜೊಲ್ಲೆಯವರು ಜಾರಕಿಹೊಳಿ ಸಹೋದರರ ಬೆಂಬಲದಿಂದ ಆ ಕುರ್ಚಿಗೆ ಬಂದರು. 2024ರಲ್ಲಿ ಚಿಕ್ಕೋಡಿ ಲೋಕಸಭೆಯಲ್ಲಿ ಅವರನ್ನು ಸೋಲಿಸಿದ್ದು ಸತೀಶ ಜಾರಕಿಹೊಳಿಯವರ ಮಗಳು ಪ್ರಿಯಾಂಕಾ. ಆ ಚುನಾವಣೆಯ ಕಾಲದಲ್ಲಿ ಮಾತು ಬಿಟ್ಟ ಬೀಗರು ನಮ್ಮ ಓಣಿಯಲ್ಲಿ ಇನ್ನೂ ಮಾತು ಬಿಟ್ಟೇ ಇದ್ದಾರೆ. ಅವರಿಗೆ ಯಾರಾದರೂ ಠರಾವು ಕಳಿಸಬೇಕಿತ್ತು.

ಹೀಗೆ ಬಸ್ಸು ಸಾಗಿರಲಾಗಿ ವಾದ ಕಬ್ಬಿಗೆ ಬಂತು. ಬರಲೇಬೇಕು. ನಮ್ಮಲ್ಲಿ ಯಾವ ಮಾತೂ ಕೊನೆಗೆ ಘಟಪ್ರಭೆಗೆ ಇಲ್ಲವೇ ಕಬ್ಬಿಗೆ ಹೋಗಿ ಬೀಳುತ್ತದೆ. 2025ರ ಅಕ್ಟೋಬರ್ ಕೊನೆಗೆ ನಮ್ಮ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆ ಮೇಲೆ ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಅಂತ. ಅಲ್ಲೇ ಒಲೆ ಹೂಡಿದರು, ಅಲ್ಲೇ ಮಲಗಿದರು. ನಾನೂ ಎರಡು ರಾತ್ರಿ ಮಲಗಿದೆ. ನನ್ನದೂ ಎರಡೆಕರೆ ಇದೆ. ಅಲ್ಲಿ ಪಕ್ಕದ ಹಾಸಿಗೆಯವ ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ, ಚಳಿಗೆ ಹೊದಿಕೆ ಇದೆಯೇ ಅಂತ ಕೇಳಿದರು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಭೆಯಾಗಿ, ಸಕ್ಕರೆ ಇಳುವರಿ ಶೇಕಡಾ 11.25 ಇದ್ದ ಕಬ್ಬಿಗೆ ಕಟಾವು, ಸಾಗಣೆ ಬಿಟ್ಟು 3,300 ಅಂತ ತೀರ್ಮಾನವಾಯಿತು. ಅದರಲ್ಲಿ 50 ಸರ್ಕಾರದ್ದು. ಒಲೆ ಆರಿದ ಮರುದಿನವೇ ವಾದ ಹೊತ್ತಿತು, ಬಸ್ಸಿನಲ್ಲಿ ಇನ್ನೂ ಉರಿಯುತ್ತಿತ್ತು.

ಟೊಪಗಿ: "ಕೊಡಬೇಕಾದ್ದು ರಾಜ್ಯ. ನಿಮ್ಮವ್ರು ಏಳು ದಿನ ಹಳ್ಳಿ ಕಡೆ ಹೊಳ್ಳಿ ನೋಡಲಿಲ್ಲ."

ರುಮಾಲು: "ಎಫ್‌ಆರ್‌ಪಿ ಅಂತ ಕಬ್ಬಿನ ದರಾ ಕಟ್ಟಾವ್ರು ದಿಲ್ಲಿಯವ್ರು. ಸಕ್ಕರಿ ಮಾರೂ ಕನಿಷ್ಠ ದರಾ ಕೇಜಿಗೆ 31 ರೂಪಾಯಿ ಅಂತ 2019ರಾಗ ಕಟ್ಯಾರ, 2025ರಾಗೂ ಅದ ಇತ್ತು. ಅವಾಗ ಎಲ್ಲಿ ಹೋಗಿದ್ರಿ?"

ಇಬ್ಬರು ಹೇಳಿದ್ದರಲ್ಲೂ ಅರ್ಧರ್ಧ ನಿಜವಿತ್ತು. ಅದೇ ಫಜೀತಿ. ಪೂರಾ ಸುಳ್ಳಾಗಿದ್ದರೆ ಸುಮ್ಮನೆ ಇಳಿದು ಹೋಗುತ್ತಿದ್ದೆ. ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ.

"ಕಾಕಾ, ದಿಲ್ಲಿಯವರು ಕಟ್ಟಿದ 3,550 ಇಳುವರಿ 10.25 ಇದ್ದರೆ. ಅದರಾಗ ಕಟಾವು, ಸಾಗಣಿ ಮುರೀತಾರ. ಇಳುವರಿ ಎಷ್ಟು ಬಂತು ಅಂತ ಬರಿಯಾವ್ರು ಕಾರ್ಖಾನಿಯವ್ರು. ತೂಕದ ಕಾಟಾನೂ ಅವರದ. ಕಾರ್ಖಾನಿ ಮಾಲಕರೊಳಗ ನಿಮ್ಮವ್ರೂ ಅದಾರ, ಮಾವನವ್ರೂ ಅದಾರ. ನನ್ನ ಕಬ್ಬಿನ ಇಳುವರಿ ಎಷ್ಟು ಅಂತ ಇವತ್ತಿನ ತನಕ ನನಗ ಯಾರೂ ಹೇಳಿಲ್ಲ. ನಿಮಗ ಹೇಳ್ಯಾರೇನು?"

ಬಸ್ಸಿನಲ್ಲಿ ಗಾಜಿನ ಸದ್ದೊಂದೇ ಉಳಿಯಿತು. ರುಮಾಲಿನವರು ಟೊಪಗಿಯವರ ಕಡೆ ನೋಡಿದರು. ಟೊಪಗಿಯವರು ರುಮಾಲಿನವರ ಕಡೆ ನೋಡಿದರು. ಗೋಕಾಕ ಬಿಟ್ಟ ಮೇಲೆ ಮೊದಲ ಸಲ ಇಬ್ಬರಲ್ಲಿ ಒಮ್ಮತ ಮೂಡಿತು.

"ಇಂವಾ ಮೂರನೇ ಪಾರ್ಟಿಯಾಂವ ಇದ್ದಂಗ ಕಾಣತಾನ," ಅಂದರು ಟೊಪಗಿಯವರು.

"ಹೌದ್ರೀ ಮಾವಾ. ಇಂಥಾವ್ರು ಮತಾ ಒಡ್ಯಾಕ ಬರತಾರ," ಅಂದರು ರುಮಾಲಿನವರು.

ನಾನು ಸುಮ್ಮನೆ ಚಪ್ಪಲಿ ನೋಡುತ್ತ ನಿಂತೆ. ಅವರು ಮುಂದೆ ನಾಲ್ಕಾರು ಮೈಲಿ ನನ್ನ ಬಗ್ಗೆಯೇ ಮಾತಾಡಿಕೊಂಡರು, ನಾನು ಇಲ್ಲದವರ ಹಾಗೆ. ಯಾರ ದುಡ್ಡು ತಗೊಂಡಿರಬಹುದು, ಎಷ್ಟು ತಗೊಂಡಿರಬಹುದು. ಮೊತ್ತ ಕೇಳಿ ನನಗೇ ಆಸೆಯಾಯಿತು. ಎರಡೆಕರೆ ಕಬ್ಬಿನ ಬಿಲ್ಲಿಗಿಂತ ಹೆಚ್ಚಿತ್ತು.

ರುಮಾಲಿನವರು ಇಳಿಯುವ ಊರು ಬಂತು. ಆಗ ಅವರಿಗೆ ಕೈಯಲ್ಲಿದ್ದ ಎಲೆ ನೆನಪಾಯಿತು. ಹೆಬ್ಬೆರಳ ಮೇಲಿನ ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು. "ಮಾವಾ, ಹಸೀ ಸುಣ್ಣ ಐತೇನ್ರೀ?" ಟೊಪಗಿಯವರು ಬಂಡಿ ಕಿಸೆಯಿಂದ ಡಬ್ಬಿ ತೆಗೆದು ಮುಚ್ಚಳ ತಿರುವಿ ಚಾಚಿದರು. ರುಮಾಲಿನವರು ಎರಡು ಎಲೆಗೆ ಹಚ್ಚಿ, ಒಂದನ್ನು ಮಡಿಸಿ ಅವರಿಗೆ ಕೊಟ್ಟು, ಇನ್ನೊಂದನ್ನು ಬಾಯಿಗಿಟ್ಟುಕೊಂಡು, "ಬರತೇನ್ರೀ" ಅಂತ ಇಳಿದು ಹೋದರು. ಹೆಸರು ಕೊನೆಗೂ ಕೇಳಲಿಲ್ಲ.

ಖಾಲಿಯಾದ ಕಿಟಕಿ ಸೀಟಿಗೆ ಟೊಪಗಿಯವರು ಕೂತರು. ಕಾಲು ಚಾಚಿ, ಎಲೆ ಜಗಿಯುತ್ತ, ಕಣ್ಣು ಅರೆಮುಚ್ಚಿದರು. ಬೆನ್ನಿಗೆ ಚೀಲ ಹಾಕಿದ ಕಾಲೇಜು ಹುಡುಗನೊಬ್ಬ ಅವರಿದ್ದ ಕಂಬಿಯನ್ನೇ ಹಿಡಿದು ನಿಂತು ಗೊಣಗಿದ: "ಒಂದ ಬಸ್ಸಿನ್ಯಾಗ ಇಷ್ಟ ಮಂದೀನ ತುಂಬತಾರ. ಏನ್ ರಾಜ್ಯ ಇದು."

ಟೊಪಗಿಯವರು ಒಂದು ಕಣ್ಣು ತೆರೆದರು.

"ಯಾಕ ತಮ್ಮಾ, ಇದಕ್ಕಿಂತ ಮೊದಲ ಬಸ್ಸ ಎಷ್ಟಿದ್ದು ಗೊತ್ತೈತೇನು ನಿನಗ? ನೀ ಯಾರ ಪೈಕಿ?"