ಬಾರದ ಬಿಜಿಎಂ ಆಲ್ಬಂಗಳ ಪ್ರಮಾಣ ವಿಚಾರ: ಗುಂಡ್ಲುಪೇಟೆ ಮತ್ತು ಚಾಮರಾಜನಗರ ಸಂಪ್ರದಾಯಗಳನ್ನು ಅನುಲಕ್ಷಿಸಿ

ಕವಿರಾಜಮಾರ್ಗವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರ ಹೆಸರು ಹೇಳಿ ಮುಂದೆ ಹೋಯಿತು. ಅವರ ಕನ್ನಡ ಗದ್ಯದ ಒಂದು ಗರಿಯೂ ನಮಗೆ ಸಿಕ್ಕಿಲ್ಲ. ಆದರೂ ಅವರ ಕಾಲ ಯಾವುದು, ಶೈಲಿ ಹೇಗಿದ್ದೀತು ಎಂದು ನಮ್ಮ ವಿದ್ವಾಂಸರು ಪುಟಗಟ್ಟಲೆ ಜಗಳವಾಡಿದ್ದಾರೆ. ಇದು ಕಳೆದುಹೋದ ಕೃತಿಗಳ ಶಾಸ್ತ್ರವಾಯಿತು. ಇನ್ನೂ ಬಾರದ ಕೃತಿಗಳಿಗೂ ಒಂದು ಶಾಸ್ತ್ರ ಬೇಡವೇ? ಅದನ್ನು ಯಾವ ವಿಶ್ವವಿದ್ಯಾಲಯವೂ ಕಟ್ಟಲಿಲ್ಲ. ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಸಿನಿಮಾ ಅಭಿಮಾನಿಗಳು ಟೀ ಅಂಗಡಿ, ಮೊಬೈಲ್ ಅಂಗಡಿ, ಚೆಕ್‌ಪೋಸ್ಟುಗಳಲ್ಲಿ ನಿಂತುಕೊಂಡೇ ಕಟ್ಟಿದ್ದಾರೆ. ಅದನ್ನು ವಿದ್ವಲ್ಲೋಕದ ಗಮನಕ್ಕೆ ತರುವುದಷ್ಟೇ ಈ ಪ್ರಬಂಧದ ಉದ್ದೇಶ.

ವ್ಯಾಪ್ತಿಯ ಗೆರೆಯನ್ನು ಮೊದಲೇ ಎಳೆದುಬಿಡುವುದು ಕ್ಷೇಮ. ಹಾಡುಗಳ ಆಲ್ಬಂ ಇಲ್ಲಿಯ ವಿಷಯವಲ್ಲ. ಹಾಡು ಸಿನಿಮಾಕ್ಕಿಂತ ಮುಂಚೆಯೇ ಬಂದಿರುತ್ತದೆ. ಅದರಲ್ಲಿ ಮಾತಿರುತ್ತದೆ, ಮಾತಿಗೆ ಅರ್ಥವೂ ಇರುತ್ತದೆ (ಇರಬೇಕು), ಆದ್ದರಿಂದ ಶಾಸ್ತ್ರಕ್ಕೆ ಅಲ್ಲಿ ಕೆಲಸ ಕಡಿಮೆ. ನಮ್ಮ ವಿಷಯ ಹಿನ್ನೆಲೆ ಸಂಗೀತ, ಅರ್ಥಾತ್ ಬಿಜಿಎಂ: ನಾಯಕ ಚಪ್ಪಲಿ ಮೆಟ್ಟುವಾಗ, ನಾಯಕಿ ತಿರುಗಿ ನೋಡದೆ ಹೋಗುವಾಗ, ಖಳ ಸಿಗರೇಟು ಹಚ್ಚುವಾಗ ಹಿಂದಿನಿಂದ ಬರುವ ಸದ್ದು. ಸಿನಿಮಾ ನೋಡಿದವರೆಲ್ಲ ಅದನ್ನು ಕೇಳಿರುತ್ತಾರೆ, ಆದರೆ ಯಾರ ಕೈಯಲ್ಲೂ ಅದು ಇರುವುದಿಲ್ಲ. ಹಾಡಿನ ಹಾಗೆ ಗುನುಗೋಣವೆಂದರೆ ಬಾಯಿಂದ ‘ಡುಂ ಡುಂ’ ಎಂಬುದಷ್ಟೇ ಹೊರಡುತ್ತದೆ. ಆಲ್ಬಂ ಬಂದರೆ ಸಿಕ್ಕೀತು. ಆಲ್ಬಂ ಬರುವುದಿಲ್ಲ. ಈ ‘ಬರುವುದಿಲ್ಲ’ ಮತ್ತು ‘ಬರುತ್ತದೆ’ಗಳ ನಡುವಿನ ಅವಕಾಶದಲ್ಲಿ ನಮ್ಮ ಶಾಸ್ತ್ರ ನಿಂತಿದೆ.

ಈ ನೆಲದಲ್ಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕಠಿಣವಲ್ಲ. ಚಿಲಕವಾಡಿಯ ಶಂಭುಲಿಂಗನ ಬೆಟ್ಟದಲ್ಲಿ ನಿಜಗುಣ ಶಿವಯೋಗಿಗಳು ಕೂತು ‘ವಿವೇಕ ಚಿಂತಾಮಣಿ’ ಎಂಬ ವಿಶ್ವಕೋಶವನ್ನೇ ಬರೆದರು, ಸಂಗೀತದ ವಿಚಾರವೂ ಅದರಲ್ಲುಂಟು. ಯಳಂದೂರು ಸಂಚಿ ಹೊನ್ನಮ್ಮನ ಊರು. ಅಣ್ಣಾವ್ರು ಹುಟ್ಟಿದ ಗಾಜನೂರು ಗಡಿಯಾಚೆಯ ತಾಳವಾಡಿ ಸೀಮೆಯಲ್ಲಿದೆ. ಗಡಿ ತಮಿಳುನಾಡಿನದಾದರೂ ಅಭಿಮಾನ ನಮ್ಮದೇ ಎಂಬುದರಲ್ಲಿ ಎರಡೂ ಸಂಪ್ರದಾಯಗಳಿಗೆ ಭಿನ್ನಾಭಿಪ್ರಾಯವಿಲ್ಲ. ಇಷ್ಟೆಲ್ಲ ಇರುವ ಸೀಮೆಯಲ್ಲಿ ಒಂದು ಶಾಸ್ತ್ರ ಹುಟ್ಟದಿದ್ದರೆ ಆಶ್ಚರ್ಯಪಡಬೇಕಿತ್ತು.

ಗುಂಡ್ಲುಪೇಟೆ ಸಂಪ್ರದಾಯಕ್ಕೆ ಭೂಗೋಳವೇ ಗುರು. ಊರಿನಿಂದ ಒಂದು ರಸ್ತೆ ಮದ್ದೂರು ಚೆಕ್‌ಪೋಸ್ಟ್ ದಾಟಿ ಸುಲ್ತಾನ್ ಬತ್ತೇರಿ, ಕೋಳಿಕ್ಕೋಡಿನ ಕಡೆ ಹೋಗುತ್ತದೆ. ಇನ್ನೊಂದು ಮೇಲುಕಾಮನಹಳ್ಳಿ ದಾಟಿ ಊಟಿಯ ಕಡೆ. ನಡುವೆ ಬಂಡೀಪುರದ ಕಾಡು. 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧದಂತೆ ರಾತ್ರಿ 9ಕ್ಕೆ ಬಿದ್ದ ಗೇಟು ಮರುದಿನ ಬೆಳಿಗ್ಗೆ 6ಕ್ಕೇ ಏಳುವುದು. ತಡವಾಗಿ ಬಂದ ತರಕಾರಿ ಲಾರಿ, ಬಾಳೆಗೊನೆಯ ಪಿಕಪ್, ಓಣಂ ಹತ್ತಿರವಾದಾಗ ಚೆಂಡುಹೂವಿನ ಮೂಟೆ ಹೊತ್ತ ಗಾಡಿ, ಎಲ್ಲವೂ ಅಲ್ಲೇ ಸಾಲು ನಿಲ್ಲಬೇಕು. ಸರ್ಕಾರದ ಉದ್ದೇಶ ವನ್ಯಜೀವಿಗಳ ರಕ್ಷಣೆ. ಆದರೆ ಮೂರು ರಾಜ್ಯಗಳ ಡ್ರೈವರುಗಳನ್ನೂ ಕ್ಲೀನರುಗಳನ್ನೂ ರಾತ್ರಿಯಿಡೀ ಒಂದೇ ಕಡೆ ಕೂಡಿಹಾಕಿದ ಪರಿಣಾಮವಾಗಿ, ದಿನಭತ್ಯೆಯೂ ಊಟದ ಕೂಪನ್ನೂ ಇಲ್ಲದ ಒಂದು ಅಂತಾರಾಜ್ಯ ವಿಚಾರಸಂಕಿರಣ ಪ್ರತಿರಾತ್ರಿ ನಡೆಯತೊಡಗಿತು. ಮಲಯಾಳಿ ಸುಶಿನ್ ಶ್ಯಾಮ್ ಪರ ವಾದಿಸುತ್ತಾನೆ, ಗೂಡಲೂರಿನವನು ಅನಿರುದ್ಧ್ ಎನ್ನುತ್ತಾನೆ, ನಮ್ಮವನು ಕ್ಯಾಬಿನ್ನಿನ ಸ್ಪೀಕರಿನಲ್ಲಿ ರವಿ ಬಸ್ರೂರರನ್ನು ಬಿಟ್ಟು ‘ಕೇಳ್ಲಾ ಮೊದ್ಲು, ಆಮೇಲ್ ಮಾತಾಡು’ ಎನ್ನುತ್ತಾನೆ. ಆನೆಗಳ ಅಭಿಪ್ರಾಯ ಲಭ್ಯವಾಗಿಲ್ಲ.

ಇನ್ನು ಪ್ರಮಾಣಗಳು. ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಪ್ರತ್ಯಕ್ಷ ನಮಗೆ ಉಪಯೋಗವಿಲ್ಲ, ಆಲ್ಬಂ ಕಣ್ಣಿಗೇ ಬಿದ್ದಿಲ್ಲ. ಶಬ್ದಪ್ರಮಾಣವೆಂದರೆ ಆಡಿಯೋ ಕಂಪನಿಯವರ ‘ಶೀಘ್ರದಲ್ಲೇ’ ಎಂಬ ಪೋಸ್ಟರ್. ಅದನ್ನು ನಂಬುವವರು ಈಗ ಯಾರೂ ಉಳಿದಿಲ್ಲ. ಉಪಮಾನ, ಅರ್ಥಾಪತ್ತಿಗಳನ್ನು ಎಳೆಯರಿಗೆ ಬಿಡೋಣ. ಗುಂಡ್ಲುಪೇಟೆಯ ನಿಜವಾದ ಕೊಡುಗೆ ಆರನೆಯದಾದ ಅನುಪಲಬ್ಧಿಯ ಕ್ಷೇತ್ರದಲ್ಲಿದೆ. ಒಂದು ವಸ್ತು ತೋರದೇ ಇರುವುದೇ ಅದು ಇಲ್ಲವೆಂಬುದಕ್ಕೆ ಪ್ರಮಾಣ ಎಂದು ಕುಮಾರಿಲ ಭಟ್ಟನ ಅನುಯಾಯಿಗಳು ಹೇಳುತ್ತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯ ಹುಡುಗ ಇದನ್ನು ತಲೆಕೆಳಗು ಮಾಡಿದ್ದಾನೆ. ಪೆನ್‌ಡ್ರೈವಿಗೆ ಹಾಡು ತುಂಬಿಸಲು ಬಂದ ಪಿಕಪ್ ಡ್ರೈವರಿಗೂ ಅವನಿಗೂ ನಡೆದ ಈ ಸಂವಾದವನ್ನು ಮುಂದಿನ ಸಂಶೋಧಕರು ಮೂಲ ಆಕರವೆಂದು ಪರಿಗಣಿಸಬೇಕು:

‘ಸುಕ್ರವಾರ ಬುಡ್ತರ ಕನಣ್ಣ.’

‘ಯಾರ್ಲಾ ಯೋಳ್ದರು?’

‘ಯಾರೂ ಯೋಳಿಲ್ಲ. ಅದ್ಕೇ ಬುಡ್ತರ ಅಂದದ್ದು.’

‘ಓ, ಅಂಗಾ. ಸರಿ ಬುಡು.’

ಡ್ರೈವರು ಮರುಪ್ರಶ್ನೆ ಹಾಕದೇ ಹೋದುದನ್ನು ಗಮನಿಸಬೇಕು. ಕಂಪನಿಯವರು ಮಾತಾಡಿದರೆ ಮುಂದೂಡುತ್ತಾರೆ; ಸುಮ್ಮನಿದ್ದರೆ ಏನೋ ತಯಾರಿ ನಡೆದಿದೆ; ಬಹಳ ಸುಮ್ಮನಿದ್ದಾರೆ; ಆದ್ದರಿಂದ ಈ ಶುಕ್ರವಾರವೇ. ಶುಕ್ರವಾರ ಬರಲಿಲ್ಲವೆನ್ನಿ, ಆಗ ಮೌನ ಇನ್ನೂ ಒಂದು ವಾರದಷ್ಟು ಬಲಿತಂತಾಯಿತು, ಪ್ರಮಾಣ ಅಷ್ಟು ಗಟ್ಟಿಯಾಯಿತು. ಸೋಲೇ ಇಲ್ಲದ ಇಂಥ ತರ್ಕವನ್ನು ನಾನು ಬಜೆಟ್ ಭಾಷಣಗಳಲ್ಲಷ್ಟೇ ಕೇಳಿದ್ದೇನೆ.

ಚಾಮರಾಜನಗರ ಸಂಪ್ರದಾಯ ಇದಕ್ಕಿಂತ ಹಳೆಯದು, ಹಾಗಾಗಿ ಮುನಿಸೂ ಹೆಚ್ಚು. ಅಲ್ಲಿಯ ಹಿರಿಯರು ಬಿಜಿಎಂ ಎನ್ನುವುದೇ ಇಲ್ಲ, ‘ರೀರೆಕಾರ್ಡಿಂಗು’ ಎನ್ನುತ್ತಾರೆ. ಅವರ ಪೂರ್ವಪಕ್ಷ ಇಷ್ಟು: ಹಿನ್ನೆಲೆ ಸಂಗೀತದ ಆಲ್ಬಂ ಹೊಸದೇನಲ್ಲ. ಪೌರಾಣಿಕ ಚಿತ್ರಗಳ ಸಂಭಾಷಣೆ ಕ್ಯಾಸೆಟ್ಟು ಹಬ್ಬಕ್ಕೆ, ಮದುವೆಗೆ ಮೈಕಿನಲ್ಲಿ ಕೂಗುತ್ತಿದ್ದ ಕಾಲದಲ್ಲಿ ಮಾತಿನ ಹಿಂದೆ ರೀರೆಕಾರ್ಡಿಂಗೂ ಪುಕ್ಕಟೆಯಾಗಿ ಬರುತ್ತಿತ್ತು. ಯಾರೂ ಅದನ್ನು ಬೇರೆ ಮಾಡಿ ಕೊಡಿ ಎಂದು ಕೇಳಲಿಲ್ಲ. ಬಿ.ವಿ. ಕಾರಂತರಿಗೆ ‘ಋಷ್ಯಶೃಂಗ’ (1976) ಮತ್ತು ‘ಘಟಶ್ರಾದ್ಧ’ (1977) ಚಿತ್ರಗಳ ಸಂಗೀತಕ್ಕೆ ಎರಡು ವರ್ಷ ಬೆನ್ನುಬೆನ್ನಿಗೆ ರಾಷ್ಟ್ರಪ್ರಶಸ್ತಿ ಬಂತು, ರಿಂಗ್‌ಟೋನಿನ ಬಲದಿಂದಲ್ಲ. ಎಲ್. ವೈದ್ಯನಾಥನ್ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಕೊಟ್ಟ ಧಾಟಿ ಇಡೀ ದೇಶದ ಬಾಯಿಗೆ ಬಂತು, ಟೀವಿ ಬಿಟ್ಟು ಬೇರೆ ಆಲ್ಬಂ ಅದಕ್ಕೆ ಬೇಕಾಗಲಿಲ್ಲ. ಇಳಯರಾಜ ‘ಪಲ್ಲವಿ ಅನುಪಲ್ಲವಿ’ಗೆ (1983) ಮಾಡಿದ್ದು ಎಷ್ಟೋ ವರ್ಷಗಳ ಮೇಲೆ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಕೇಳಿಬಂದಾಗ ಅದು ಕನ್ನಡ ಚಿತ್ರದ್ದೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರು ತಾವೇ ಎಂದು ಹಿರಿಯರು ಸಾಧಿಸುತ್ತಾರೆ. ‘ಸಂಪತ್ತಿಗೆ ಸವಾಲ್’ನಲ್ಲಿ (1974) ಅಣ್ಣಾವ್ರು ಎಮ್ಮೆಯ ಮೇಲೆ ಕೂತು ಸ್ವಂತ ಗಂಟಲಲ್ಲಿ ಹಾಡಿದ್ದನ್ನು ಇಲ್ಲಿ ತರುವುದು ವಿಷಯಾಂತರ ಎಂದು ನಾನು ವಿನಯದಿಂದ ಸೂಚಿಸಿದ್ದುಂಟು. ಅಲ್ಲಿ ಅಣ್ಣಾವ್ರ ವಿಷಯ ವಿಷಯಾಂತರವಾಗುವ ಪದ್ಧತಿಯಿಲ್ಲ.

ಇದೇ ಸಂಪ್ರದಾಯದ ಉಗ್ರ ಶಾಖೆಯೊಂದು ಎಲ್ಲ ಬಿಜಿಎಂಗೂ ಮೂಲ ಕಂಸಾಳೆ ಎಂದು ವಾದಿಸುತ್ತದೆ. ‘ಜನುಮದ ಜೋಡಿ’ಯಲ್ಲಿ (1996) ವಿ. ಮನೋಹರ್ ಮಾದಪ್ಪನ ಗುಡ್ಡರ ಧಾಟಿಯನ್ನು ತಂದಾಗಿನಿಂದ ಈ ಶಾಖೆಗೆ ಬಲ ಬಂದಿದೆ. ಅವರ ಪ್ರಕಾರ ಆಲ್ಬಂನ ಟ್ರ್ಯಾಕ್‌ಲಿಸ್ಟು ಎನ್ನುವುದು ಮಲೆ ಮಾದೇಶ್ವರ ಕಾವ್ಯದ ‘ಸಾಲು’ಗಳ ಅಪಭ್ರಂಶ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಕಥೆ ಕೇಳಿ ಬೆಳೆದವನಿಗೆ ‘ಥೀಮ್ 1’, ‘ಥೀಮ್ 2’ ಎಂಬ ಹೆಸರುಗಳು ರುಚಿಸುವುದು ಹೇಗೆ? ಈ ಒಂದು ಅಂಶದಲ್ಲಿ ಅಣಕವನ್ನು ಬದಿಗಿಟ್ಟು ಅವರ ಪಕ್ಷ ಸೇರಲು ನಾನು ತಯಾರು. ರಾತ್ರಿಯಿಡೀ ನಿದ್ದೆಗೆಟ್ಟು ಸಂಗೀತ ಮಾಡಿದವರು ಅದಕ್ಕೊಂದು ಹೆಸರಿಡಲು ಐದು ನಿಮಿಷ ಕೊಡುವುದಿಲ್ಲ.

ಪಾಠಾಂತರಗಳ ವಿಚಾರ. ಆಲ್ಬಂ ಬರುವ ತನಕ ಲಭ್ಯವಿರುವ ಪ್ರತಿಗಳೆಂದರೆ ಥಿಯೇಟರಿನಲ್ಲಿ ಮೊಬೈಲ್ ಎತ್ತಿಹಿಡಿದು ಮಾಡಿಕೊಂಡವು. ಹಳೆಯ ಓಲೆಪ್ರತಿಗಳಲ್ಲಿ ಹುಳ ತಿಂದ ಜಾಗವಿದ್ದರೆ ಇವುಗಳಲ್ಲಿ ಶಿಳ್ಳೆ ಬಿದ್ದ ಜಾಗವಿರುತ್ತದೆ. ನಾಯಕನ ಪ್ರವೇಶದ ಮೊದಲ ಹತ್ತು ಸೆಕೆಂಡು ಯಾವ ಪ್ರತಿಯಲ್ಲೂ ಶುದ್ಧವಾಗಿ ಉಳಿದಿಲ್ಲ. ಎಲ್ಲ ಪ್ರತಿಗಳೂ ಅಲ್ಲೇ ಸಮಾನವಾಗಿ ಭ್ರಷ್ಟವಾಗಿರುವುದರಿಂದ ಅವೆಲ್ಲಕ್ಕೂ ಒಂದೇ ಮೂಲಪ್ರತಿ ಇತ್ತೆಂದು ಒಬ್ಬ ಪದವಿ ವಿದ್ಯಾರ್ಥಿ ವಾದಿಸಿದ. ಪಕ್ಕದಲ್ಲಿದ್ದವನು ‘ಮೂಲ ಇದ್ದದ್ದು ಒಂದೇ, ನಿಮ್ಮಣ್ಣ ಸಿಳ್ಳೆ ಹೊಡ್ದದ್ದು’ ಎಂದು ಖಂಡಿಸಿದ.

ಅಧಿಕೃತ ಪಾಠಾಂತರವೂ ಉಂಟು. 2022ರ ‘ಕಾಂತಾರ’ದಲ್ಲಿ ಅಜನೀಶ್ ಲೋಕನಾಥ್ ಮಾಡಿದ ವರಾಹರೂಪದ ಹಾಡು ತಮ್ಮ ‘ನವರಸಂ’ಗೆ ಹತ್ತಿರವೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ಕೋಳಿಕ್ಕೋಡು, ಪಾಲಕ್ಕಾಡಿನಲ್ಲಿ ತಡೆ ಬಂತು, ಓಟಿಟಿಯಲ್ಲಿ ಕೆಲದಿನ ಬೇರೆಯೇ ಧಾಟಿ ಕೇಳಿಸಿತು, ತಡೆ ತೆರವಾದ ಮೇಲೆ ಹಳೆಯದು ಮರಳಿತು. ಒಂದೇ ಚಿತ್ರಕ್ಕೆ ಎರಡು ಪಾಠ! ಗ್ರಂಥಸಂಪಾದಕರು ಇದಕ್ಕಾಗಿ ಪ್ರಾಣ ಬಿಡುತ್ತಾರೆ. ಕೋಳಿಕ್ಕೋಡಿನ ರಸ್ತೆ ತಮ್ಮೂರ ಮೇಲೆಯೇ ಹೋಗುವುದರಿಂದ ತಡೆಯಾಜ್ಞೆಯ ಸುದ್ದಿ ಮೊದಲು ತಲುಪಿದ್ದು ತಮಗೇ ಎಂಬುದು ಗುಂಡ್ಲುಪೇಟೆಯವರ ನಿಲುವು. ಚಾಮರಾಜನಗರದವರು ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುತ್ತಾರೆ.

ಬಿಡುಗಡೆ ದಿನಾಂಕದ ಬಗ್ಗೆ ಚಾಮರಾಜನಗರಕ್ಕೆ ತನ್ನದೇ ಸಿದ್ಧಾಂತವಿದೆ. ಈ ಊರಿಗೆ ಬಂದ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ಮಾತು ರಾಜ್ಯಕ್ಕೆಲ್ಲ ಗೊತ್ತು. 2013ರಲ್ಲಿ ಸಿದ್ದರಾಮಯ್ಯ ಬಂದು, ಮತ್ತೆ ಮತ್ತೆ ಬಂದು, ಐದು ವರ್ಷ ಪೂರೈಸಿ ಅದನ್ನು ಮುರಿದರು. ಕುರ್ಚಿಯಿಂದ ಬಿಡುಗಡೆಯಾದ ಆ ದೋಷ ಎಲ್ಲಿಗೋ ಹೋಗಲೇಬೇಕಲ್ಲ, ಅದು ಆಲ್ಬಂಗಳ ಮೇಲೆ ಬಂದು ಕೂತಿದೆ ಎಂದು ಅಲ್ಲಿಯ ಪಂಡಿತರು ನಂಬುತ್ತಾರೆ: ಭುವನೇಶ್ವರಿ ವೃತ್ತದಲ್ಲಿ ದಿನಾಂಕ ಖಚಿತವಾದ ಆಲ್ಬಂ ಆ ದಿನ ಬರುವುದಿಲ್ಲ.

ತಡವಾಗುವುದಕ್ಕೆ ಲೌಕಿಕ ಕಾರಣಗಳೂ ಇವೆ, ಶಾಸ್ತ್ರಕ್ಕೆ ಅಷ್ಟೇನೂ ಗೌರವ ತರದಿದ್ದರೂ ದಾಖಲಿಸಬೇಕು. ಹಾಡುಗಳ ಕೆಲಸ ಚಿತ್ರೀಕರಣಕ್ಕಿಂತ ಮುಂಚೆ ಮುಗಿದರೆ, ಬಿಜಿಎಂ ಶುರುವಾಗುವುದು ಸಂಕಲನ ಮುಗಿದ ಮೇಲೆ, ಬಿಡುಗಡೆ ತಲೆಯ ಮೇಲೆ ಬಂದು ನಿಂತಾಗ. ಒಂದೊಂದು ತುಣುಕೂ ದೃಶ್ಯದ ಅಳತೆಗೆ ಕತ್ತರಿಸಿದ್ದು, ಇಪ್ಪತ್ತು ಸೆಕೆಂಡು, ನಲವತ್ತು ಸೆಕೆಂಡು. ಥಿಯೇಟರಿನ ಸುತ್ತಮುತ್ತಲ ಸ್ಪೀಕರುಗಳಿಗೆ ಹಂಚಿ ಕೂರಿಸಿದ ಸದ್ದನ್ನು ಇಯರ್‌ಫೋನಿನ ಎರಡು ಕಿವಿಗೆ ಇಳಿಸಲು ಮತ್ತೆ ಮಿಕ್ಸ್ ಮಾಡಬೇಕು. ಅಷ್ಟು ಹೊತ್ತಿಗೆ ಸಂಗೀತ ನಿರ್ದೇಶಕರು ಮುಂದಿನ ಚಿತ್ರದ ರೀಲಿನಲ್ಲಿ ಮುಳುಗಿರುತ್ತಾರೆ, ಕಂಪನಿಗೆ ಹಾಡಿನಿಂದ ಬರುವ ದುಡ್ಡು ಬಂದಾಗಿರುತ್ತದೆ. ಆದ್ದರಿಂದಲೇ ‘ಕೆಜಿಎಫ್’ನಂಥ ಚಿತ್ರದ ಬಿಜಿಎಂ ಪ್ರತ್ಯೇಕವಾಗಿ ಹೊರಬಂದಾಗ ಮದ್ದೂರು ಗೇಟಿನಲ್ಲಿ ಅದನ್ನು ಹಬ್ಬದಂತೆ ಆಚರಿಸಿದರು. ಹೇಮಂತ್ ರಾವ್ ತಮ್ಮ ‘ಸಪ್ತ ಸಾಗರದಾಚೆ ಎಲ್ಲೋ’ವನ್ನು 2023ರಲ್ಲಿ ‘ಸೈಡ್ ಎ’, ‘ಸೈಡ್ ಬಿ’ ಎಂದು ಕ್ಯಾಸೆಟ್ಟಿನ ಎರಡು ಮಗ್ಗುಲಿನಂತೆ ಬಿಡಿಸಿ ಸೆಪ್ಟೆಂಬರಿನಲ್ಲೊಂದು, ನವೆಂಬರಿನಲ್ಲೊಂದು ಬಿಟ್ಟಾಗ ಚರಣ್ ರಾಜ್ ಸಂಗೀತದ ಚರ್ಚೆಗೆ ಎರಡು ತಿಂಗಳ ಮಧ್ಯಂತರವೇ ದೊರಕಿತು. ಆ ಎರಡು ತಿಂಗಳು ನಮ್ಮ ಶಾಸ್ತ್ರದ ಸುವರ್ಣಯುಗ.

ಆಲ್ಬಂ ಬಂದ ಮೇಲೆ ಏನಾಗುತ್ತದೆ? ಇಲ್ಲಿ ಪುರಾವೆ ತೀರಾ ನಿರ್ದಯವಾಗಿದೆ. ತಿಂಗಳುಗಟ್ಟಲೆ ಬೈದಾಡಿದವರು ನಾಯಕನ ಪ್ರವೇಶದ ತುಣುಕೊಂದನ್ನು ರಿಂಗ್‌ಟೋನ್ ಮಾಡಿಕೊಂಡು ಉಳಿದದ್ದನ್ನು ತೆರೆದೂ ನೋಡುವುದಿಲ್ಲ. ನಾಯಕಿಯ ಮನೆಯಲ್ಲಿ ದೀಪ ಆರುವಾಗ ಬರುವ ಕೊಳಲಿನ ಆ ತುಣುಕಿಗಾಗಿ ಒಂದು ಕಾಲಕ್ಕೆ ಮಾತು ಬಿಟ್ಟಿದ್ದ ಇಬ್ಬರು ಗೆಳೆಯರು, ಅದು ಯಾವ ನಂಬರಿನ ಟ್ರ್ಯಾಕು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಎರಡೇ ದಿನಕ್ಕೆ ಮುಂದಿನ ಚಿತ್ರದ ಬಾರದ ಆಲ್ಬಂನ ಬಗ್ಗೆ ವಾದ ಶುರುವಾಗಿರುತ್ತದೆ. ಆಲ್ಬಂ ಎಂಬುದು ಚರ್ಚೆಯ ಫಲವಲ್ಲ, ಚರ್ಚೆಗೆ ಬರುವ ವಿಘ್ನ ಎಂಬುದೇ ಈ ಲೇಖಕನ ಸಿದ್ಧಾಂತ. ಎರಡೂ ಸಂಪ್ರದಾಯಗಳು ಒಟ್ಟಾಗಿ ಇದನ್ನು ವಿರೋಧಿಸಿವೆ. ಇದುವರೆಗೆ ಅವು ಒಟ್ಟಾದದ್ದು ಇದೊಂದೇ ಸಂದರ್ಭದಲ್ಲಿ.

ಆಡಿಯೋ ಕಂಪನಿಗಳ ಮಾಲೀಕರಲ್ಲಿ ಒಂದು ವಿನಂತಿ. ತುಣುಕುಗಳಿಗೆ ಕನ್ನಡದ ಹೆಸರಿಡಿ. ಮಾಡಿದವರ, ನುಡಿಸಿದವರ ಹೆಸರು ಹಾಕಿ. ಬಿಡುಗಡೆ ಮಾಡಲೇಬೇಕೆಂದಿದ್ದರೆ ಮಧ್ಯರಾತ್ರಿ 12ಕ್ಕೆ ಬೇಡ, ಸಂಜೆ ಆರಕ್ಕೆ ಮಾಡಿ: ಡ್ರೈವರುಗಳು ಗುಂಡ್ಲುಪೇಟೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಲಿ, ಕಾಡಿನೊಳಗೆ ಸಿಗ್ನಲ್ ಇರುವುದಿಲ್ಲ.