ಶಕ್ತಿಮಾನ್ ಸಂಸಾರ

ಜಬಲ್ಪುರದಲ್ಲಿ ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಡಿ ಹುಟ್ಟಿ, ಸೇನೆಯ ಸಾಮಾನು ಹೊತ್ತು, ಹರಾಜಿನಲ್ಲಿ ನಮ್ಮ ಕಾಫಿ ತೋಟಕ್ಕೆ ಬಂದ ಶಕ್ತಿಮಾನ್ ಲಾರಿಗೆ ಊರಲ್ಲಿ ನನಗಿಂತ ಮರ್ಯಾದೆ ಜಾಸ್ತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಮಿಲಿಟರಿ ಹಸಿರು ಸೇನೆಗಷ್ಟೇ ಸಲ್ಲುವ ಬಣ್ಣ; ಹಾಗಾಗಿ ನೀಲಿ ಹೊಡೆಸಿದೆ. ಕಾಫಿ ಗಿಡದ ರೆಂಬೆ ತಾಗಿ ಬಾನೆಟ್ ತರಚಿದಲ್ಲೆಲ್ಲ ಹಳೇ ಹಸಿರು ಇಣುಕುತ್ತದೆ. ಅದನ್ನು ಕಂಡರೆ ಪಕ್ಕದ ತೋಟದ ನಿವೃತ್ತ ಸುಬೇದಾರರು ಎದೆ ಸೆಟೆಸಿ ನಿಲ್ಲುತ್ತಾರೆ. ಸ್ಟೀರಿಂಗ್ ಹಿಡಿದ ನನಗೆ ಒಂದು ನಮಸ್ಕಾರವೂ ಇಲ್ಲ! ಮಳೆಗಾಲದ ಕೆಸರಿನಲ್ಲಿ ಹೂತ ಜೀಪುಗಳನ್ನೆಲ್ಲ ಎಳೆದು ಹಾಕುತ್ತದೆ, ನಿಜ. ಆದರೆ ಆ ರಾತ್ರಿ ಇಂಜಿನ್ನಿಗೆ ಆಯಿಲು, ನನ್ನ ಭುಜಕ್ಕೆ ನೋವಿನೆಣ್ಣೆ. ಬಿಡಿಭಾಗ ಕೇಳಿದರೆ ಗುಜರಿಯವನು ಹೇಳುತ್ತಾನೆ: "ಪಾರ್ಟ್ಸಾ? ನಿಮ್ ಲಾರಿ ಯಾವಾಗ ಕೊಡ್ತೀರಾ ಅಂತ ನಾನೇ ಕಾಯ್ತಿದೀನಲ್ಲ ಸಾರ್!"