ಸದನೋತ್ತರ ಮೀಮಾಂಸೆ: ಉತ್ತರ ಕೊಟ್ಟೂ ಪ್ರಶ್ನೆಯನ್ನು ಉಳಿಸುವ ಶಾಸ್ತ್ರ

1. ಲಕ್ಷಣ

ತಮಗೆ ಗೊತ್ತಿರುವ ಸಂಗತಿಯನ್ನು ಶಾಸಕರು ಸಚಿವರಲ್ಲಿ ಕೇಳುವುದು, ಸಚಿವರು ಅದನ್ನು ಅಧಿಕಾರಿಗಳಿಂದ ಬರೆಸಿಕೊಂಡು ಓದುವುದು, ಓದಿದ ಮೇಲೂ ಸಂಗತಿ ಇದ್ದಲ್ಲೇ ಇರುವುದು: ಈ ಮೂರು ಲಕ್ಷಣಗಳುಳ್ಳ ವಿಧಿಗೆ ಪ್ರಶ್ನೋತ್ತರ ಕಲಾಪವೆಂದು ಹೆಸರು. ಮೂರನೆಯ ಲಕ್ಷಣ ಇಲ್ಲದಿದ್ದರೆ ಅದು ಕಲಾಪವಲ್ಲ, ಕೆಲಸ. ಕೆಲಸವು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯ ಇರಬೇಕೆಂದು ಪೂರ್ವಾಚಾರ್ಯರ ಮತ. ಇಲ್ಲಿ ವಿಷಯವೆಂದರೆ ರಸ್ತೆ, ನೀರು, ಶಾಲೆ, ಆಸ್ಪತ್ರೆ. ಪ್ರಯೋಜನವೆಂದರೆ ಮರುದಿನದ ಪತ್ರಿಕೆಯ ಜಿಲ್ಲಾ ಪುಟ. ಸಂಬಂಧವೆಂಬುದು ಪ್ರಶ್ನೆಗೂ ಉತ್ತರಕ್ಕೂ ನಡುವೆ ಇರಬೇಕಾದದ್ದು. ಅದು ಇದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಧಿಕಾರಿ ಮಾತ್ರ ಹೇರಳವಾಗಿದ್ದಾರೆ. ಅಧಿವೇಶನದ ದಿನಗಳಲ್ಲಿ ಅವರ ಗ್ಯಾಲರಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ.

ವಿಧಾನಸೌಧದ ಮುಖಮಂಟಪದ ಮೇಲೆ ಬರೆಸಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯವನ್ನು ಭಾಷ್ಯಕಾರರು ಈ ಶಾಸ್ತ್ರದ ಮೂಲಸೂತ್ರವೆಂದು ಎಣಿಸುತ್ತಾರೆ. ದೇವರ ಕೆಲಸಕ್ಕೆ ಕಾಲಮಿತಿ ಕೇಳುವ ವಾಡಿಕೆ ನಮ್ಮಲ್ಲಿಲ್ಲ.

2. ಪರಂಪರೆ

ಈ ವಿದ್ಯೆಯ ಮೊದಲ ದಾಖಲಿತ ಪ್ರಯೋಗ 1721ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ನಡೆಯಿತು. ಸೌತ್ ಸೀ ಕಂಪನಿಯ ಹಗರಣದಲ್ಲಿ ತಲೆತಪ್ಪಿಸಿಕೊಂಡಿದ್ದ ಖಜಾಂಚಿ ಸಿಕ್ಕಿಬಿದ್ದದ್ದು ನಿಜವೇ ಎಂದು ಅರ್ಲ್ ಕೌಪರ್ ಕೇಳಿದರು. ನಿಜವೆಂದು ಸರ್ಕಾರ ಹೇಳಿಬಿಟ್ಟಿತು. ವಿಷಯ ಪರಿಶೀಲನೆಯಲ್ಲಿದೆ ಎನ್ನಬಹುದಿತ್ತೆಂಬುದು ಯಾರಿಗೂ ಹೊಳೆಯಲಿಲ್ಲ. ಶಾಸ್ತ್ರದ ಬಾಲ್ಯಾವಸ್ಥೆಯ ದೋಷಗಳಲ್ಲಿ ಇದೂ ಒಂದು.

ಭಾರತದಲ್ಲಿ 1892ರ ಕೌನ್ಸಿಲ್ ಕಾಯ್ದೆ ಸದಸ್ಯರಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಿತು, ಮರುಪ್ರಶ್ನೆಗೆ ಕೊಡಲಿಲ್ಲ. ಉತ್ತರ ಹೇಗಿದ್ದರೂ ಕೈಮುಗಿದು ಕೂರಬೇಕಾಗಿದ್ದ ಆ ಕಾಲವನ್ನು ಉತ್ತರ ಬರೆಯುವವರು ಸುವರ್ಣಯುಗವೆಂದು ನೆನೆಯುತ್ತಾರೆ. 1909ರ ಸುಧಾರಣೆಯಲ್ಲಿ ಮೂಲ ಪ್ರಶ್ನೆ ಕೇಳಿದವರಿಗೆ ಉಪಪ್ರಶ್ನೆಯ ಹಕ್ಕು ಸಿಕ್ಕಿತು. ಆ ಯುಗ ಮುಗಿಯಿತು.

ಮೈಸೂರಿನದು ಇದಕ್ಕೂ ಹಳೆಯ ದಾರಿ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, 144 ಪ್ರತಿನಿಧಿಗಳ ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿಗೆ ಸೇರಿತು. ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತು. ಸರ್ಕಾರ ಅದರಂತೆ ನಡೆಯಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಸಂಸ್ಥಾನ ಹೋಗಿ ರಾಜ್ಯ ಬಂದರೂ, ಮೈಸೂರು ಕರ್ನಾಟಕವಾದರೂ, ಈ ಸಂಪ್ರದಾಯದ ಎರಡನೆಯ ಭಾಗಕ್ಕೆ ಯಾರೂ ಕೈಹಚ್ಚಿಲ್ಲ.

3. ಪ್ರಶ್ನಾಭೇದ

ಪ್ರಶ್ನೆಗಳು ಮೂರು ಬಗೆ. ಬಾಯಿಮಾತಿನ ಉತ್ತರ ಬಯಸುವುದು ಚುಕ್ಕೆ ಗುರುತಿನ ಪ್ರಶ್ನೆ. ಬರಹದ ಉತ್ತರಕ್ಕೇ ತೃಪ್ತವಾಗುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ತುರ್ತಿನದು ಅಲ್ಪ ಸೂಚನಾ ಪ್ರಶ್ನೆ; ಸಚಿವರು ಒಪ್ಪಿದರೆ ಮಾತ್ರ ಅದು ತುರ್ತು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯುಳ್ಳವು 20, ಇಲ್ಲದವು 230. ಆ 20ರಲ್ಲಿಯೂ ಗಂಟೆ ಮುಗಿಯುವುದರೊಳಗೆ ಸಚಿವರ ಬಾಯಿಂದ ಉತ್ತರ ಕೇಳುವ ಭಾಗ್ಯ ಕೆಲವಕ್ಕೇ.

ಪ್ರಶ್ನೆಗೆ ಮಡಿಮೈಲಿಗೆ ಬಹಳ. ಲೋಕಸಭೆಯ ನಿಯಮ 41ರಂತೆ ಅದು 150 ಪದ ಮೀರಕೂಡದು, ಅದರಲ್ಲಿ ವಾದ, ಊಹೆ, ವ್ಯಂಗ್ಯೋಕ್ತಿ, ಆರೋಪ, ವಿಶೇಷಣ ಇರಕೂಡದು, ಅಭಿಪ್ರಾಯ ಕೇಳಕೂಡದು, ಹಿಂದೆ ಉತ್ತರಿಸಿದ್ದನ್ನೇ ಮತ್ತೆ ಕೇಳಕೂಡದು. ಉತ್ತರಕ್ಕೆ ಇಂಥ ಮಡಿ ವಿಧಿಸಿಲ್ಲ. ಸದನದಲ್ಲಿ ವ್ಯಂಗ್ಯವೇನಾದರೂ ಉಳಿದಿದ್ದರೆ ಅದು ಉತ್ತರದ ಪಾಲಿನದು.

2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಕಾಲದ ಸಂಸತ್ ಅಧಿವೇಶನದಲ್ಲಿ, ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟು ಲಿಖಿತ ಉತ್ತರಗಳನ್ನು ಮಾತ್ರ ಉಳಿಸಿಕೊಳ್ಳಲಾಯಿತು. ಎದುರಿಗೆ ಕೇಳುವವರಿಲ್ಲದಿದ್ದರೂ ಉತ್ತರ ಹುಟ್ಟಬಲ್ಲದೆಂಬ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಪ್ರಾಯೋಗಿಕ ಪುರಾವೆ ಬೇಕಿಲ್ಲ.

4. ಉತ್ತರದ ಉತ್ಪತ್ತಿ

ಉತ್ತರ ಹುಟ್ಟುವ ಬಗೆಯನ್ನು ಮಾದರಿ ಪ್ರಶ್ನೆಯೊಂದರಿಂದ ತಿಳಿಯಬಹುದು. ಹಾಳೆಯನ್ನು ಎರಡು ಅಂಕಣ ಮಾಡಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ ಬರೆಯುವುದು ಪದ್ಧತಿ. ಎಡದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಬೇಕು: (ಅ) ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡಿರುವ ಕ್ರಮಗಳೇನು? (ಇ) ಯಾವ ಕಾಲಮಿತಿಯೊಳಗೆ ವೈದ್ಯರನ್ನು ನೇಮಿಸಲಾಗುವುದು?

ಪ್ರಶ್ನೆ ಸಚಿವಾಲಯದಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತದೆ. ಇಳಿಯುತ್ತಾ ಅದರ ತಲೆಯ ಮೇಲೆ ‘ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ), ಅತಿ ಜರೂರು’ ಎಂಬ ಮುದ್ರೆ ಬೀಳುತ್ತದೆ. ತಾಲ್ಲೂಕಿನ ಗುಮಾಸ್ತರು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಆರೋಗ್ಯ ಕೇಂದ್ರಕ್ಕೆ ದಾಟಿಸಿ, ‘ಸಂಜೆ ಐದರೊಳಗೆ ಕಳಿಸಿ, ಸದನದ ವಿಷಯ’ ಎಂದು ಫೋನಿನಲ್ಲೂ ಎಚ್ಚರಿಸುತ್ತಾರೆ. ಕೇಂದ್ರದಲ್ಲಿ ವೈದ್ಯರಿಲ್ಲ, ಇರುವವರು ನರ್ಸಮ್ಮ ಒಬ್ಬರೇ. ಅವರು ಬಿಪಿ ನೋಡಿಸಿಕೊಳ್ಳಲು ಬಂದ ಅಜ್ಜಿಯ ತೋಳಿನಿಂದ ಪಟ್ಟಿ ಬಿಚ್ಚಿ, ‘ಸ್ವಲ್ಪ ಕೂತ್ಕೊಳ್ಳಜ್ಜಿ, ಬೆಂಗಳೂರಿಂದ ಅರ್ಜೆಂಟು’ ಎಂದು ಬೆಂಚು ತೋರಿಸಿ, ಹಾಜರಿ ಪುಸ್ತಕದ ಹಿಂದಿನ ಪುಟಗಳನ್ನು ತಿರುವುತ್ತಾರೆ. ಕೇಂದ್ರದಲ್ಲಿ ಸೇವೆ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗುವಷ್ಟು ಹೊತ್ತು, ಇದ್ದ ಸೇವೆಯೂ ನಿಂತಿರುತ್ತದೆ.

ಇಳಿದ ಪ್ರಶ್ನೆ ಉತ್ತರವಾಗಿ ಏರುವಾಗ ಪ್ರತಿ ಮೆಟ್ಟಿಲಿನಲ್ಲೂ ಸಂಸ್ಕಾರ ಪಡೆಯುತ್ತದೆ. ನರ್ಸಮ್ಮ ಬರೆದದ್ದು: ‘ಡಾಕ್ಟರ್ ಇಲ್ಲ ಸಾರ್, ಎರಡು ವರ್ಷ ಆಯ್ತು.’ ತಾಲ್ಲೂಕಿನಲ್ಲಿ ಅದು ‘ವೈದ್ಯಾಧಿಕಾರಿ ಹುದ್ದೆ ಖಾಲಿ ಇರುತ್ತದೆ’ ಎಂದಾಗುತ್ತದೆ. ಜಿಲ್ಲೆಯಲ್ಲಿ ‘ನೆರೆಯ ಕೇಂದ್ರದ ವೈದ್ಯಾಧಿಕಾರಿಗೆ ಪ್ರಭಾರ ವಹಿಸಲಾಗಿರುತ್ತದೆ’ ಎಂದಾಗುತ್ತದೆ. ಸಚಿವಾಲಯದಲ್ಲಿ ‘ಸಾರ್ವಜನಿಕರಿಗೆ ಯಾವುದೇ ತೊಂದರೆಯಾಗದಂತೆ ಕ್ರಮ ವಹಿಸಲಾಗಿದೆ’ ಎಂಬ ಪರಿಪಕ್ವ ರೂಪ ತಾಳುತ್ತದೆ. ಯಾವ ಮೆಟ್ಟಿಲಿನಲ್ಲೂ ಯಾರೂ ಸುಳ್ಳು ಹೇಳಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

5. ಉತ್ತರದ ಪ್ರಕಾರಗಳು

ಏಕಪದೋತ್ತರ: ‘ಗಮನಕ್ಕೆ ಬಂದಿದೆಯೇ?’ ಎಂದರೆ ‘ಬಂದಿದೆ’. ಗಮನಕ್ಕೆ ಬಂದ ಸಂಗತಿ ಅಲ್ಲೇ ತಂಗುತ್ತದೆ. ಮುಂದೆಲ್ಲಿಗಾದರೂ ಹೋಯಿತೇ ಎಂದು ಪ್ರಶ್ನೆ ಕೇಳಿಲ್ಲ.

ಅನುದ್ಭವ: (ಅ) ಭಾಗಕ್ಕೆ ‘ಇಲ್ಲ’ ಎಂದು ಬರೆದರೆ (ಆ), (ಇ), (ಈ) ಭಾಗಗಳಿಗೆ ‘ಉದ್ಭವಿಸುವುದಿಲ್ಲ’ ಎಂದು ಬರೆದು ಮನೆಗೆ ಹೋಗಬಹುದು. ಎರಡೇ ಅಕ್ಷರದಲ್ಲಿ ಮೂರು ಪ್ರಶ್ನೆಗಳ ಹುಟ್ಟಡಗಿಸುವ ಈ ಲಾಘವಕ್ಕೆ ಸೂತ್ರಕಾರರೂ ತಲೆದೂಗುತ್ತಾರೆ.

ಅನುಬಂಧ: ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ.’ ಶಾಸಕರು ಒಂದು ಊರಿನ ಲೆಕ್ಕ ಕೇಳಿದರೆ ಇಡೀ ರಾಜ್ಯದ ಪಟ್ಟಿ ಕೊಡುವುದು ಉತ್ತಮ. ಪುಟಸಂಖ್ಯೆ ಇಲ್ಲದೆ ಕೊಡುವುದು ಉತ್ತಮೋತ್ತಮ. ಉತ್ತರವನ್ನು ಹುಡುಕುವ ಹೊಣೆ ಇಲ್ಲಿ ಕೇಳಿದವರಿಗೇ ವರ್ಗವಾಗುತ್ತದೆ.

ಅನುದಾನ ಲಭ್ಯತಾ: ‘ಅನುದಾನದ ಲಭ್ಯತೆಯನ್ನು ಆಧರಿಸಿ ಹಂತಹಂತವಾಗಿ ಕ್ರಮ ಕೈಗೊಳ್ಳಲಾಗುವುದು.’ ಇದರಲ್ಲಿ ಮೂರು ಗುಣಗಳು ಮೇಳೈಸಿವೆ: ಅನುದಾನ ಇಲ್ಲ ಎಂದಿಲ್ಲ, ಹಂತ ಎಷ್ಟು ಎಂದಿಲ್ಲ, ಕ್ರಮ ಏನು ಎಂದಿಲ್ಲ.

ಪರಕಾಯ ಪ್ರವೇಶ: ‘ಸದರಿ ವಿಷಯವು ಬೇರೆ ಇಲಾಖೆಗೆ ಸಂಬಂಧಿಸಿರುತ್ತದೆ.’ ನೀರಿನ ಪೈಪಿಗಾಗಿ ಅಗೆದ ರಸ್ತೆಯ ಗುಂಡಿ ಈ ವರ್ಗಕ್ಕೆ ಸೇರಿದ್ದು. ಅದು ರಸ್ತೆಯವರಿಗೆ ಪೈಪಾಗಿಯೂ ನೀರಿನವರಿಗೆ ರಸ್ತೆಯಾಗಿಯೂ ಕಾಣಿಸುತ್ತದೆ.

6. ಅಭಾವ ನಿರೂಪಣೆ

‘ಇಲ್ಲ’ ಎಂಬುದೂ ಒಂದು ಪದಾರ್ಥವೆಂದು ವೈಶೇಷಿಕರು ಒಪ್ಪಿ, ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅವರು ಗಡಿಗೆ, ಬಟ್ಟೆಗಳ ಉದಾಹರಣೆಯಲ್ಲಿ ತೃಪ್ತರಾದರು; ಪೂರ್ಣ ವಿನಿಯೋಗ ಆರೋಗ್ಯ ಇಲಾಖೆಯಲ್ಲಿ ಆಯಿತು.

ವೈದ್ಯರು ಇನ್ನೂ ನೇಮಕವಾಗಿಲ್ಲವಾದರೆ ಅದು ಪ್ರಾಗಭಾವ. ಉತ್ತರದಲ್ಲಿ ‘ನೇಮಕಾತಿ ಪ್ರಕ್ರಿಯೆ ಪ್ರಗತಿಯಲ್ಲಿದೆ’ ಎಂದು ಬರೆಯತಕ್ಕದ್ದು. ಇದ್ದ ವೈದ್ಯರು ವರ್ಗಾವಣೆ ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದರೆ ಅದು ಪ್ರಧ್ವಂಸಾಭಾವ. ‘ಹುದ್ದೆ ಇತ್ತೀಚೆಗೆ ತೆರವಾಗಿದೆ’ ಎನ್ನತಕ್ಕದ್ದು. ಇತ್ತೀಚೆಗೆ ಎಂಬುದಕ್ಕೆ ಶಾಸ್ತ್ರದಲ್ಲಿ ಮೇಲ್ಮಿತಿ ಇಲ್ಲ. ಹುದ್ದೆಯೇ ಮಂಜೂರಾಗಿಲ್ಲವಾದರೆ ಅತ್ಯಂತಾಭಾವ. ‘ಖಾಲಿ ಹುದ್ದೆ ಇಲ್ಲ’ ಎಂದು ಎದೆ ತಟ್ಟಿ ಹೇಳಬಹುದು. ಈ ಊರಿನ ವೈದ್ಯರನ್ನು ಆ ಊರಿಗೆ ನಿಯೋಜಿಸಿ, ಆ ಊರಿನವರಿಗೆ ಈ ಊರಿನ ಪ್ರಭಾರ ಕೊಟ್ಟಿದ್ದರೆ ಅದು ಅನ್ಯೋನ್ಯಾಭಾವ. ನಾಲ್ಕರಲ್ಲೂ ಇದೇ ಶ್ರೇಷ್ಠ: ಕಾಗದದಲ್ಲಿ ಎರಡು ಕೇಂದ್ರಗಳಿಗೂ ವೈದ್ಯರಿದ್ದಾರೆ, ಎರಡೂ ಊರಿನ ರೋಗಿಗಳು ಬಸ್ಸಿನಲ್ಲಿದ್ದಾರೆ.

7. ಉತ್ತರದ ವ್ಯಾಕರಣ

ಲೋಕದ ಕನ್ನಡದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಉಂಟು. ಸದನದ ಉತ್ತರದಲ್ಲಿ ಕರ್ತೃವಿಗೆ ಲೋಪ ನಿತ್ಯ. ‘ಕ್ರಮ ಕೈಗೊಳ್ಳಲಾಗುವುದು’, ‘ಸೂಚನೆ ನೀಡಲಾಗಿದೆ’, ‘ಪ್ರಸ್ತಾವನೆ ಸಲ್ಲಿಸಲಾಗಿರುತ್ತದೆ’ ಎಂಬಲ್ಲಿ ಯಾರು ಎಂಬುದನ್ನು ಹುಡುಕುವುದು ವ್ಯರ್ಥ. ಅಪವಾದ ಒಂದೇ: ಕಾಮಗಾರಿ ಮುಗಿದು ಉದ್ಘಾಟನೆಯಾಗಿದ್ದರೆ ಕರ್ತೃ ಭಾವಚಿತ್ರ ಸಮೇತ ಮರಳಿ ಬರುತ್ತಾನೆ.

ಕಾಲಗಳಲ್ಲಿ ‘ಇರುತ್ತದೆ’ ಎಂಬ ರೂಪಕ್ಕೆ ಅಗ್ರಸ್ಥಾನ. ಹುದ್ದೆ ಖಾಲಿ ಇದೆ ಎಂದರೆ ನಾಳೆ ತುಂಬೀತೆಂಬ ಆಸೆ ಹುಟ್ಟೀತು. ಖಾಲಿ ಇರುತ್ತದೆ ಎಂದರೆ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ಸಹಜವಾಗಿ ಕೇಳಿಸುತ್ತದೆ.

8. ಉಪಪ್ರಶ್ನಾ ಪ್ರಕರಣ

ಸಭಾಧ್ಯಕ್ಷರು ಹೆಸರು ಕರೆದಾಗ ಸದಸ್ಯರು ಸದನದಲ್ಲಿದ್ದರೆ ಮಾತ್ರ ಈ ಪ್ರಕರಣ ಆರಂಭವಾಗುತ್ತದೆ. ಇಲ್ಲದಿದ್ದರೆ ಮುಂದಿನ ಪ್ರಶ್ನೆ. ಸದಸ್ಯರಿದ್ದು ಸಚಿವರಿಲ್ಲದಿದ್ದರೆ, ಬೇರೊಬ್ಬ ಸಚಿವರು ಅವರ ಪರವಾಗಿ, ತಾವೂ ಮೊದಲ ಸಲ ಓದುತ್ತಿರುವ ಉತ್ತರವನ್ನು ಓದುತ್ತಾರೆ.

ಇಬ್ಬರೂ ಇದ್ದಾಗ ಸಂವಾದ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ‘ಮಾನ್ಯ ಸಭಾಧ್ಯಕ್ಷರೇ, ಉತ್ತರ ಸಮರ್ಪಕವಾಗಿಲ್ಲ. ಪ್ರಭಾರದ ಡಾಕ್ಟರು ವಾರಕ್ಕೆ ಎಷ್ಟು ದಿನ ಬರ್ತಾರೆ?’ ‘ಮಾನ್ಯ ಸದಸ್ಯರ ಕಾಳಜಿಯನ್ನು ಗೌರವಿಸ್ತೇನೆ.’ ‘ಕಾಳಜಿ ಬೇಡ ಸ್ವಾಮಿ, ದಿನ ಹೇಳಿ.’ ‘ನಿಮ್ಮ ಸರ್ಕಾರ ಇದ್ದಾಗ ಎಷ್ಟು ದಿನ ಬರ್ತಿದ್ರು?’ ಇಲ್ಲಿಗೆ ಎರಡೂ ಕಡೆಯ ಸದಸ್ಯರು ಎದ್ದು ನಿಲ್ಲುತ್ತಾರೆ. ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಎಂಬ ಮಂಗಳವಾದ್ಯದ ನಡುವೆ ಸಚಿವರು ‘ನನ್ನ ಕೊಠಡಿಗೆ ಬನ್ನಿ, ಅಧಿಕಾರಿಗಳನ್ನೂ ಕರೆಸ್ತೇನೆ, ಕೂತು ಬಗೆಹರಿಸೋಣ’ ಎನ್ನುತ್ತಾರೆ. ಕೊಠಡಿಯಲ್ಲಿ ಬಗೆಹರಿಯುವುದಾದರೆ ಸದನಕ್ಕೇಕೆ ಬಂತು ಎಂಬುದು ಉದ್ಭವಿಸುವುದಿಲ್ಲ.

9. ಭರವಸಾ ಪ್ರಕರಣ

ಉತ್ತರದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಇದು 1953ರಿಂದ ನಡೆದುಬಂದಿದೆ. ಕರ್ನಾಟಕದ ಉಭಯ ಸದನಗಳಲ್ಲೂ ಇದೆ. ಯಾವ ಯಾವ ನುಡಿಗಟ್ಟನ್ನು ಭರವಸೆ ಎಂದು ಎಣಿಸಬೇಕೆಂಬುದಕ್ಕೆ ಲೋಕಸಭೆಯಲ್ಲಿ ಪಟ್ಟಿಯೇ ಉಂಟು. ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸುತ್ತೇನೆ’ ಎಂಬವೂ ಅದರಲ್ಲಿವೆ. ಅಂಥ ಮಾತನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಹೆಚ್ಚಿನ ಕಾಲಾವಕಾಶ ಕೇಳಬಹುದು. ಏನೂ ಹೇಳದಿರಲೆಂದು ಕಟ್ಟಿದ ಮಾತು ಇಲ್ಲಿ ಆಣೆಯಾಗಿಬಿಡುವುದರಿಂದ, ಪಟ್ಟಿಯಲ್ಲಿ ಇಲ್ಲದ ನುಡಿಗಟ್ಟುಗಳ ಶೋಧ ಉನ್ನತ ವ್ಯಾಸಂಗದ ವಿಷಯವಾಗಿದೆ.

10. ಪೂರ್ವಪಕ್ಷ ಮತ್ತು ಸಿದ್ಧಾಂತ

ಇಲ್ಲಿ ಆಕ್ಷೇಪವೊಂದಿದೆ. ಇಂಥ ಉತ್ತರಗಳನ್ನು ಪ್ರತಿಪಕ್ಷ ಏಕೆ ಸಹಿಸುತ್ತದೆ? ತಾನು ಅಧಿಕಾರಕ್ಕೆ ಬಂದಾಗ ಏಕೆ ಬದಲಿಸುವುದಿಲ್ಲ?

ಸಮಾಧಾನ ಹೀಗೆ. ಕರ್ನಾಟಕದಲ್ಲಿ 1985ರ ನಂತರ ಯಾವ ಆಡಳಿತ ಪಕ್ಷವೂ ಚುನಾವಣೆಯಲ್ಲಿ ಸ್ವಂತ ಬಹುಮತ ಪಡೆದು ಅಧಿಕಾರಕ್ಕೆ ಮರಳಿಲ್ಲ. ಇಂದು ಕೇಳುವವರು ನಾಳೆ ಹೇಳುವವರು. ಇಂದು ಹೇಳುವವರು ನಾಳೆ ಕೇಳುವವರು. 224 ಪೀಠಗಳ ಸದನದಲ್ಲಿ ಜನ ಅತ್ತಿಂದಿತ್ತ ಸರಿಯುತ್ತಾರೆ, ಪ್ರಶ್ನೆಯೂ ಉತ್ತರವೂ ತಮ್ಮ ತಮ್ಮ ಅಂಕಣದಲ್ಲಿ ಸ್ಥಿರವಾಗಿರುತ್ತವೆ. ನಾಳೆ ತಾನೇ ಹತ್ತಬೇಕಾದ ಏಣಿಯನ್ನು ಯಾರೂ ಒದೆಯುವುದಿಲ್ಲ.

ಕೇಳುವುದಕ್ಕೂ ದಿನ ಬೇಕು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಬಹುತೇಕ ವರ್ಷ ಆ ಸಂಖ್ಯೆ ಮುಟ್ಟುವುದಿಲ್ಲ. ಸೇರಿದ ದಿನಗಳಲ್ಲೂ ಧರಣಿ, ಗದ್ದಲಗಳಿಗೆ ಮೊದಲು ಬಲಿಯಾಗುವುದು ಪ್ರಶ್ನೋತ್ತರವೇ. ಆಗ ಉತ್ತರಗಳನ್ನು ಸದನದ ಮುಂದಿಟ್ಟ ಶಾಸ್ತ್ರ ಮುಗಿಸಿದರೆ ಸಾಕು. ಗದ್ದಲ ಎಬ್ಬಿಸಿದ್ದು ಪ್ರತಿಪಕ್ಷ, ಉಸಿರು ಬಿಟ್ಟದ್ದು ಸಚಿವರು.

11. ಫಲಶ್ರುತಿ

ಈ ಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಖಾತೆ, ಮಾಡದವರಿಗೆ ಕ್ಷೇತ್ರ. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಬಾರದೆಂದು 2005ರ ಮಾಹಿತಿ ಹಕ್ಕು ಕಾಯ್ದೆ 2025ರವರೆಗೆ ಹೇಳುತ್ತಿದ್ದುದರಿಂದ, ಶಾಸಕರಿಗೆ ಸಿಗುವ ಅನುಬಂಧದಲ್ಲಿ ಸಾಮಾನ್ಯ ಪ್ರಜೆಗೂ ಸಮಪಾಲಿತ್ತು. ಪ್ರಜೆಗೆ ಇನ್ನೊಂದು ಅನುಕೂಲವೂ ಇದೆ. ಕರ್ನಾಟಕದ 2011ರ ಸಕಾಲ ಕಾಯ್ದೆಯಂತೆ, ಪಟ್ಟಿಯಲ್ಲಿರುವ ಸೇವೆಯನ್ನು ಗಡುವಿನೊಳಗೆ ಕೊಡದ ಅಧಿಕಾರಿಯಿಂದ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಸದನದಲ್ಲಿ ತಡವಾದ ಉತ್ತರಕ್ಕೆ ಅಂಥ ದರ ಯಾವುದೂ ಇಲ್ಲ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರ ಕೈಯಲ್ಲಿರುವಷ್ಟು ಹಿಡಿತವೂ, ಲಕ್ಷಾಂತರ ಜನರ ಪರವಾಗಿ ಕೇಳಲು ಎದ್ದು ನಿಂತವರ ಕೈಯಲ್ಲಿಲ್ಲ.